ಈ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ?

ಕೇಳುಗರಿಗೆ ನಮಸ್ಕಾರ.

ವಿಮರ್ಶೆ ಅಂದ ಕೂಡಲೇ ಹುಳುಕು ಹುಡುಕುವವರ ಮುಖವೇ ನೆನಪಾಗುತ್ತದೆ. ಆದರೆ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1781ರಲ್ಲಿ ‘ಶುದ್ಧ ಬುದ್ಧಿಯ ವಿಮರ್ಶೆ’ಯನ್ನು ಪ್ರಕಟಿಸಿದಾಗ ಕಟಕಟೆಗೆ ತಂದು ನಿಲ್ಲಿಸಿದ್ದು ಬುದ್ಧಿಯನ್ನೇ. ಸ್ವಾರಸ್ಯವೆಂದರೆ, ನ್ಯಾಯಪೀಠದಲ್ಲಿ ಕೂತದ್ದೂ ಅದೇ ಬುದ್ಧಿ!

ಅವನ ಒಂದು ಮೊಕದ್ದಮೆ ನೋಡಿ. ಜಗತ್ತಿಗೆ ಆರಂಭವುಂಟೇ? ಉಂಟು ಅನ್ನುತ್ತದೆ ಒಂದು ವಾದ. ಇಲ್ಲದಿದ್ದರೆ ಈ ಕ್ಷಣದ ಹೊತ್ತಿಗೆ ಅನಂತಕಾಲ ಕಳೆದು ಮುಗಿದಿರಬೇಕು; ಅನಂತ ಮುಗಿಯುವುದು ಹೇಗೆ? ಇಲ್ಲ ಅನ್ನುತ್ತದೆ ಇನ್ನೊಂದು. ಏನೂ ಇಲ್ಲದ ಬರಿದಾದ ಕಾಲದಲ್ಲಿ ಜಗತ್ತು ಆ ಗಳಿಗೆಗೇ ಏಕೆ ಶುರುವಾಗಬೇಕು? ಎರಡೂ ಕಡೆಯವರು ಗೆದ್ದಂತೆಯೇ ಕಾಣುತ್ತದೆ. ಕಾಂಟ್ ಯಾರ ಪರವೂ ತೀರ್ಪು ಕೊಡಲಿಲ್ಲ. ಪ್ರಶ್ನೆಯೇ ನಮ್ಮ ಅನುಭವದ ಎಲ್ಲೆ ದಾಟಿದೆ ಎಂದ. ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಅಳೆಯುವ ಈ ಕೆಲಸವೇ ವಿಮರ್ಶೆಯ ತಿರುಳು ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ ಗೌತಮನ ನ್ಯಾಯಸೂತ್ರ ಎಂಬ ಹಳೆಯ ತರ್ಕಗ್ರಂಥ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ತಿಳಿಯಲಿಕ್ಕೆ ವಾದ, ಗೆಲ್ಲಲಿಕ್ಕೆ ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಿನವರದನ್ನು ಕೆಡವಲಿಕ್ಕೆ ವಿತಂಡ. ಖಂಡಿಸುವ ಮೊದಲು ಪೂರ್ವಪಕ್ಷ, ಅಂದರೆ ಎದುರಿನವರ ವಾದ, ಹೇಳಬೇಕೆಂಬ ಶಿಸ್ತೂ ನಮ್ಮ ಶಾಸ್ತ್ರಗಳಲ್ಲಿದೆ. ನಮ್ಮ ದರ್ಶನಗಳನ್ನು ಒಂದೊಂದಾಗಿ ವಿವರಿಸುವ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವೇ ದೇವರು, ಪರಲೋಕ ಒಪ್ಪದ ಚಾರ್ವಾಕರದು. ಚಾರ್ವಾಕರ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ಅವರ ವಿರೋಧಿಗಳ ಬರಹಗಳಿಂದಲೇ!

ವಿತಂಡಕ್ಕೆ ಕೆಟ್ಟ ಹೆಸರಿದೆ. ಆದರೂ “ತಪ್ಪು ಹೇಳುತ್ತೀರಲ್ಲ, ಪರಿಹಾರ ನೀವೇ ಕೊಡಿ” ಎಂದು ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸುವುದು ನನಗೆ ಒಪ್ಪಿಗೆಯಿಲ್ಲ. ಸೇತುವೆಯ ಬಿರುಕು ತೋರಿಸಲು ಸೇತುವೆ ಕಟ್ಟಲು ಬರಬೇಕೇ? ಬೌದ್ಧ ತತ್ತ್ವಜ್ಞಾನಿ ನಾಗಾರ್ಜುನನಂಥವನೇ ‘ವಿಗ್ರಹವ್ಯಾವರ್ತನೀ’ ಎಂಬ ಕೃತಿಯಲ್ಲಿ ತನ್ನದೆಂಬ ಪ್ರತಿಜ್ಞೆಯೇ, ಅಂದರೆ ಸ್ಥಾಪಿಸಬೇಕಾದ ವಾದವೇ, ಇಲ್ಲ ಎಂದಿದ್ದಾನೆ.

ಇನ್ನು ದಿನನಿತ್ಯದ ಮಾತು. ಸಹೋದ್ಯೋಗಿಯ ವರದಿಯಲ್ಲಿ “ಬೆಲೆ ಇಳಿಸಿದ್ದರಿಂದ ಮಾರಾಟ ಏರಿತು” ಎಂದಿದೆ ಅನ್ನಿ. “ವರದಿ ಸಪ್ಪೆ” ಅಂದರೆ ಅವರಿಗೆ ಬೇಜಾರು, ನಮಗೊಂದು ಗತ್ತು, ಅಷ್ಟೆ. “ಅದೇ ತಿಂಗಳು ಜಾಹೀರಾತೂ ಜಾಸ್ತಿಯಿತ್ತಲ್ಲ, ಏರಿಕೆ ಯಾವುದರಿಂದ?” ಎಂದು ಕೇಳಿದರೆ ಅವರು ಲೆಕ್ಕ ತೆಗೆದು ನೋಡಬಹುದು, ತಮ್ಮ ಮಾತೇ ಸರಿ ಎಂದು ತೋರಿಸಲೂಬಹುದು.

ಬೇರೆಯವರ ವರದಿಯಾದರೆ ಇದೆಲ್ಲ ಸಲೀಸು. ನಮಗೆ ಹಿಡಿಸದ ಸುದ್ದಿ ಫೋನಿಗೆ ಬಂದಾಗಲೂ ಯಾರು ಹೇಳಿದ್ದು, ಯಾವಾಗಿನದು ಎಂದು ಹತ್ತು ಪ್ರಶ್ನೆ ಕೇಳುತ್ತೇವೆ. ಹಿಡಿಸಿದ ಸುದ್ದಿಯನ್ನು ಮಾತ್ರ ಪೂರ್ತಿ ಓದುವ ಮೊದಲೇ ನಾಲ್ಕು ಜನಕ್ಕೆ ಕಳಿಸಿ ಆಗಿರುತ್ತದೆ.

ನಮಸ್ಕಾರ.