ಎರಡನೆಯ ವರ್ಷ ಯಾರು ನೋಡಿಕೊಳ್ಳುತ್ತಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಯಾವುದಾದರೂ ಹಳೆಯ ಸರ್ಕಾರಿ ಶಾಲೆಗೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ. ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಕೊಟ್ಟವರ ಹೆಸರಿರುತ್ತದೆ. ಗೋಡೆ ಗಡಿಯಾರದ ಮೇಲೆ, ಬೀರುವಿನ ಬಾಗಿಲ ಮೇಲೆ, ನೀರಿನ ತೊಟ್ಟಿಯ ಮೇಲೆ ಕೂಡ. ಅವರನ್ನು ಹಂಗಿಸುತ್ತಿಲ್ಲ, ಆ ಫ್ಯಾನು ಇಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ ಮಕ್ಕಳು ಬೆಂದುಹೋಗುತ್ತಿದ್ದರು. ಆದರೆ ಕೊಡುವವರ ಮನಸ್ಸು ಯಾವ ಕಡೆ ವಾಲುತ್ತದೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವಂಥದ್ದು ಬೇಕು, ಹೆಸರು ಹಿಡಿಸುವಂಥದ್ದು ಬೇಕು.

ನಮ್ಮ ನಗರದ ಒಂದು ಸಣ್ಣ ದತ್ತಿ ಸಂಸ್ಥೆಯ ಆಯ್ಕೆ ಸಮಿತಿಯಲ್ಲಿ ಕೆಲವು ವರ್ಷಗಳಿಂದ ಕೂರುತ್ತಿದ್ದೇನೆ. ಇಡುಗಂಟಿನ ಬಡ್ಡಿ, ಮಳಿಗೆಗಳ ಬಾಡಿಗೆ, ಹಿತೈಷಿಗಳ ದೇಣಿಗೆ, ಇಷ್ಟೇ ಅದರ ಆದಾಯ. ಬರುವ ಅರ್ಜಿಗಳ ಬೇಡಿಕೆ ಅದರ ಹಲವು ಪಟ್ಟು. ಯಾರಿಗೆ ಕೊಡುವುದು, ಯಾರಿಗೆ ಇಲ್ಲವೆನ್ನುವುದು?

ಕಾಗದಪತ್ರಗಳ ಪರಿಶೀಲನೆ ಬೇಗ ಮುಗಿಯುತ್ತದೆ. ಕೇಳಿದ ಕೆಲಸ ನಮ್ಮ ಟ್ರಸ್ಟ್ ಪತ್ರದ ಉದ್ದೇಶಗಳಲ್ಲಿ ಇರಬೇಕು. ಸಂಘಕ್ಕೆ ನೋಂದಣಿ, ಬ್ಯಾಂಕ್ ಖಾತೆ, ಲೆಕ್ಕಪರಿಶೋಧನೆಯ ವರದಿ ಇರಬೇಕು. ಅರ್ಜಿದಾರರು ಟ್ರಸ್ಟಿಯೊಬ್ಬರ ನೆಂಟರಾದರೆ ಆ ಟ್ರಸ್ಟಿ ಎದ್ದು ಹೊರಗೆ ಹೋಗಬೇಕು. ಇದು ಬರೀ ಮರ್ಯಾದೆಯ ಮಾತಲ್ಲ. ದತ್ತಿಯ ಹಣದಿಂದ ಟ್ರಸ್ಟಿಗಳ ಬಂಧುಗಳಿಗೆ ಲಾಭವಾದರೆ ತೆರಿಗೆ ವಿನಾಯಿತಿಗೇ ಸಂಚಕಾರ. ಕೆರೆಯಂಗಳದ ಕೆಲಸವಾದರೆ ಸರ್ಕಾರದ ಲಿಖಿತ ಒಪ್ಪಿಗೆಯೂ ಬೇಕು. ಕೆರೆ ಪಕ್ಕದ ಮನೆಯವರದಲ್ಲ, ನಮ್ಮದೂ ಅಲ್ಲ.

ನಿಜವಾದ ತೀರ್ಮಾನ ಆಗುವುದು ಸ್ಥಳಕ್ಕೆ ಹೋದಾಗ. ಒಂದು ಸರ್ಕಾರಿ ಪ್ರಾಥಮಿಕ ಶಾಲೆಯವರು ನೀರು ಶುದ್ಧೀಕರಿಸುವ ಯಂತ್ರ ಬೇಕೆಂದು ಬರೆದಿದ್ದರು. ಹೋಗಿ ನೋಡಿದರೆ ಅಡುಗೆಕೋಣೆಯ ಮೂಲೆಯಲ್ಲಿ ಆಗಲೇ ಒಂದು ಯಂತ್ರ ನಿಂತಿತ್ತು. ಯಾವುದೋ ಕಂಪನಿಯ ಕೊಡುಗೆ. ಹೆಸರಿನ ಫಲಕ ಫಳಫಳ ಹೊಳೆಯುತ್ತಿತ್ತು, ನಲ್ಲಿಯ ಬಾಯಲ್ಲಿ ಮಾತ್ರ ಬಿಳಿಯ ಉಪ್ಪು ಗಟ್ಟಿಯಾಗಿ ಕೂತಿತ್ತು. ಬೋರ್‌ವೆಲ್‌ನ ಗಡಸು ನೀರಿಗೆ ಒಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಕಟ್ಟಿಕೊಂಡುಬಿಟ್ಟಿದೆ. ಯಂತ್ರದ ನೆತ್ತಿಯ ಮೇಲೆ ಬಿಸಿಯೂಟದ ತಟ್ಟೆಗಳನ್ನು ಒಣಗಲು ಜೋಡಿಸಿದ್ದರು. ಮುಖ್ಯ ಶಿಕ್ಷಕಿ ನೊಂದುಕೊಂಡೇ ಹೇಳಿದರು: "ರಿಪೇರಿಗೆ ಬರುವವರು ಕೈಗೆ ದುಡ್ಡು ಕೇಳುತ್ತಾರೆ ಸಾರ್. ನಾನು ಅದನ್ನು ಯಾವ ಲೆಕ್ಕದಲ್ಲಿ ಬರೆಯಲಿ?"

ಅವರು ಕೇಳಿದ್ದು ಹೊಸ ಯಂತ್ರ. ನಾವು ಒಪ್ಪಿದ್ದು ಹಳೆಯದರ ರಿಪೇರಿ ಮತ್ತು ಮೂರು ವರ್ಷಗಳ ನಿರ್ವಹಣಾ ಒಪ್ಪಂದ. ಶಾಲಾಭಿವೃದ್ಧಿ ಸಮಿತಿಯವರು ಫಿಲ್ಟರ್ ಬದಲಿಸಿದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ನಮ್ಮ ಷರತ್ತು ಅಷ್ಟೇ. ಉದ್ಘಾಟನೆ ಇಲ್ಲ, ಟೇಪು ಕತ್ತರಿಸುವುದಿಲ್ಲ. ನಮ್ಮ ಸಮಿತಿಯಲ್ಲೇ ಒಂದಿಬ್ಬರ ಮುಖ ಸಪ್ಪಗಾಯಿತು ಎನ್ನಿ.

ಇಷ್ಟು ಸರಳವಾದದ್ದು ಎಲ್ಲರಿಗೂ ಏಕೆ ಹೊಳೆಯುವುದಿಲ್ಲ ಎಂದು ನೀವು ಕೇಳಬಹುದು. ಮಾರ್ಚ್ ತಿಂಗಳೂ ಇದಕ್ಕೆ ಒಂದು ಕಾರಣ. ಆದಾಯ ತೆರಿಗೆ ಕಾನೂನಿನ ಪ್ರಕಾರ ದತ್ತಿ ಸಂಸ್ಥೆ ತನ್ನ ವರ್ಷದ ಆದಾಯದಲ್ಲಿ ಶೇಕಡಾ 85ರಷ್ಟನ್ನಾದರೂ ತನ್ನ ಉದ್ದೇಶಕ್ಕೆ ಬಳಸಬೇಕು. ಕೂಡಿಡುವುದಾದರೆ ಕಾರಣ ಹೇಳಿ ಬೇರೆ ನಮೂನೆ ಸಲ್ಲಿಸಬೇಕು. ಫೆಬ್ರವರಿ ಕೊನೆಗೆ ಲೆಕ್ಕಿಗರು ಫೋನ್ ಮಾಡಿ ಇಷ್ಟು ಹಣ ಉಳಿದಿದೆ ಎನ್ನುತ್ತಾರೆ. ಮೂರು ವಾರಗಳಲ್ಲಿ ಯಂತ್ರ ಕೊಳ್ಳಬಹುದು, ಬಿಲ್ಲೂ ಸಿಗುತ್ತದೆ. ಒಬ್ಬ ಶಿಕ್ಷಕಿಯ ಮುಂದಿನ ಎರಡು ವರ್ಷದ ಸಂಬಳವನ್ನು ಮಾರ್ಚ್ 31ರೊಳಗೆ ಕೊಟ್ಟು ಮುಗಿಸುವುದು ಹೇಗೆ?

ಸಂಬಳದ ಮಾತು ಬಂತಲ್ಲ, ನನ್ನ ತಕರಾರು ಇರುವುದೇ ಇಲ್ಲಿ. ಕಟ್ಟಡ ಕಾರ್ಮಿಕರ ಶೆಡ್ಡುಗಳ ನಡುವೆ ಸಂಜೆಪಾಠ ನಡೆಸುವ ಗುಂಪೊಂದು ಅರ್ಜಿ ಹಾಕಿತ್ತು. ಚಾಪೆ, ಕಪ್ಪುಹಲಗೆ, ನೋಟ್‌ಬುಕ್, ಬ್ಯಾಗು, ಎಲ್ಲಕ್ಕೂ ದರ ನಮೂದಿಸಿದ್ದರು. ಪಾಠ ಹೇಳುವವರ ಗೌರವಧನದ ಎದುರು ಸೊನ್ನೆ. ಏಕೆಂದು ಕೇಳಿದೆ. "ಬರೆದರೆ ಎಲ್ಲರೂ ಅದನ್ನೇ ಮೊದಲು ಹೊಡೆದುಹಾಕುತ್ತಾರೆ, ಅದಕ್ಕೇ ಬರೆಯುವುದನ್ನು ಬಿಟ್ಟೆವು" ಎಂದರು.

ದಾನದ ದುಡ್ಡು ಸಂಬಳಕ್ಕೆ ಹೋಗಬಾರದು ಎಂಬ ಮಾತು ಕೇಳಲು ಬಹಳ ಶುದ್ಧ. ನನಗೆ ಅದು ಜಿಪುಣತನಕ್ಕೆ ಹಚ್ಚಿದ ವಿಭೂತಿಯಂತೆ ಕಾಣುತ್ತದೆ. ಪುಕ್ಕಟೆ ಪಾಠ ಹೇಳುವ ಹುಡುಗಿಗೆ ಕೆಲಸ ಸಿಕ್ಕಿದ ದಿನ ಸಂಜೆಪಾಠ ನಿಲ್ಲುತ್ತದೆ. ಚಾಪೆಗಳು ಉಳಿಯುತ್ತವೆ.

ಕಂಪನಿಗಳ ಹಣದ ಬಗೆಗೂ ಇಂಥದೇ ತಪ್ಪು ತಿಳಿವಳಿಕೆ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಆಡಳಿತ ವೆಚ್ಚ ಹೀಗೆ ವಿನಿಯೋಗಿಸಿದ ಹಣದ ಶೇಕಡಾ 5 ಮೀರಬಾರದು ಎಂಬ ನಿಯಮವೂ ಉಂಟು. ಆ ಮಿತಿ ಕಂಪನಿಯ ಸ್ವಂತ ಆಡಳಿತಕ್ಕೆ. ಕೆಲಸ ಮಾಡುವ ಸಂಸ್ಥೆಯ ಕಾರ್ಯಕರ್ತರ ಸಂಬಳಕ್ಕಲ್ಲ. ಆದರೂ ಎಷ್ಟೋ ಸಭೆಗಳಲ್ಲಿ ಶೇಕಡಾ 5ರ ಹೆಸರು ಹೇಳಿ ಸಂಬಳ ಕತ್ತರಿಸುವುದನ್ನು ನೋಡಿದ್ದೇನೆ. ಕಂಪನಿ ಈ ಕೆಲಸವನ್ನು ಹೊರಗಿನ ಸಂಸ್ಥೆಗೆ ಒಪ್ಪಿಸುವುದಾದರೆ ಆ ಸಂಸ್ಥೆಗೆ ಅಂಥ ಕೆಲಸದಲ್ಲಿ ಮೂರು ವರ್ಷಗಳ ಅನುಭವವೂ ಇರಬೇಕು. ಹಾಗಾಗಿ ಬಡಾವಣೆಯ ಹೊಸ ಗುಂಪುಗಳು ನಮ್ಮಂಥ ಸಣ್ಣ ದತ್ತಿಗಳ ಬಾಗಿಲಿಗೆ ಬರುತ್ತವೆ. ನಾವೂ ಹಾಗೆಯೇ ಕೈಯಾಡಿಸಿ ಕಳುಹಿಸಿದರೆ ಅವು ಹೋಗುವುದೆಲ್ಲಿಗೆ?

ನಮ್ಮ ಊರಿನ ಹಿರಿಯರಿಗೆ ಇದು ಹೊಸ ವಿಷಯವಲ್ಲ. ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲು ನಿಲ್ದಾಣದ ಹತ್ತಿರ ಛತ್ರ ಕಟ್ಟಿಸಿ ಸುಮ್ಮನಾಗಲಿಲ್ಲ. ಆಸ್ತಿಯನ್ನೂ ದತ್ತಿಗೆ ಬಿಟ್ಟರು. ಕಟ್ಟಡದ ಜೊತೆಗೆ ಅದನ್ನು ಗುಡಿಸುವವರ, ದೀಪ ಹಚ್ಚುವವರ ಖರ್ಚೂ ದಾನಿಯ ತಲೆಯಲ್ಲಿ ಇರಬೇಕೆಂದು ವಾದಿಸುವಾಗ ನಾನು ಸಮಿತಿಯಲ್ಲಿ ಅವರ ಹೆಸರನ್ನೇ ಮುಂದೆ ಮಾಡುತ್ತೇನೆ. ಒಮ್ಮೊಮ್ಮೆ ಗೆಲ್ಲುತ್ತೇನೆ. ಸಂಜೆಪಾಠದ ವಿಷಯದಲ್ಲಿ ಅರ್ಧ ಗೆದ್ದೆ: ಗೌರವಧನ ಒಂದು ವರ್ಷಕ್ಕೆ ಮಂಜೂರಾಯಿತು, ಮೂರು ಕಂತುಗಳಲ್ಲಿ, ಮೊದಲ ಕಂತಿನ ಲೆಕ್ಕ ಬಂದ ಮೇಲೆ ಎರಡನೆಯದು. ಚಾಪೆ, ಬ್ಯಾಗುಗಳನ್ನು ಬೇರೆ ದಾನಿಗಳ ಪಾಲಿಗೆ ಬಿಟ್ಟೆವು. ಅವುಗಳನ್ನು ಕೊಡುವವರು ಸಿಕ್ಕೇ ಸಿಗುತ್ತಾರೆ.

ಈಗ ನಮ್ಮ ಅರ್ಜಿ ನಮೂನೆಯಲ್ಲಿ ಒಂದು ಅಂಕಣ ಹೆಚ್ಚಾಗಿದೆ: ಎರಡನೆಯ ವರ್ಷ ಇದನ್ನು ಯಾರು ನೋಡಿಕೊಳ್ಳುತ್ತಾರೆ, ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ? ಅದನ್ನು ಖಾಲಿ ಬಿಟ್ಟವರ ಅರ್ಜಿಯನ್ನು ಪಕ್ಕಕ್ಕೆ ಇಡುವುದಿಲ್ಲ. ಫೋನ್ ಮಾಡಿ ಕೇಳುತ್ತೇವೆ.

ನಮಸ್ಕಾರ.