ಕೆಂಪು ಅಟ್ಟೆಯ ಶೂ, ಎರಡನೆಯ ಒಡತಿ

[ದೃಶ್ಯ: ಊಟದ ಮೇಜು. ಹಳೆಯ ದಿನಪತ್ರಿಕೆಯ ಮೇಲೆ ಮಗುಚಿ ಹಾಕಿದ ಒಂದು ಜೊತೆ ಕಪ್ಪು ಹೀಲ್ಸ್.]

ನಮಸ್ಕಾರ. ಶೂ ತೋರಿಸುತ್ತೇನೆಂದು ಕರೆದು ಬುಡ ತೋರಿಸುತ್ತಿದ್ದೇನೆ, ಬೇಸರಿಸಬೇಡಿ. ಇದರ ಬೆಲೆ ಇರುವುದೇ ಬುಡದಲ್ಲಿ. ಈ ಕೆಂಪು ಅಟ್ಟೆ ನೋಡಿ: ಫ್ರಾನ್ಸಿನ ಶೂ ವಿನ್ಯಾಸಕ ಕ್ರಿಶ್ಚಿಯನ್ ಲೂಬುಟಾನ್ ಅವರ ಗುರುತು. ಹನ್ನೊಂದು ವರ್ಷದಿಂದ ಕಣ್ಣಿಟ್ಟಿದ್ದೆ. ಹೊಸದಾದರೆ ಹೆಚ್ಚು ಕಡಿಮೆ ಒಂದು ಸ್ಕೂಟರಿನ ಬೆಲೆ. ಇಂದಿರಾನಗರದ ಒಬ್ಬರು ಒಂದು ವರ್ಷ ಹಾಕಿದ್ದನ್ನು ನಾನು 18,000 ರೂಪಾಯಿಗೆ ತಂದೆ.

ಅಮ್ಮ ಇದನ್ನು ಲಾಭವೆಂದು ನೋಡಲಿಲ್ಲ. "ದೇವಸ್ಥಾನದಲ್ಲಿ ಚಪ್ಪಲಿ ಹೋದರೆ ಶನಿ ಬಿಟ್ಟಿತು ಎನ್ನುತ್ತಾರೆ. ನೀನು ಯಾರದೋ ಶನಿಯನ್ನು ದುಡ್ಡು ಕೊಟ್ಟು ಮನೆಗೆ ತಂದಿದ್ದೀಯಲ್ಲೇ!"

[ದೃಶ್ಯ: ಕೆಂಪು ನೇಲ್ ಪಾಲಿಶ್ ಸೀಸೆ.]

ಲೂಬುಟಾನ್ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದದ್ದು 1991ರಲ್ಲಿ. ಅದಾದ ಸ್ವಲ್ಪ ಕಾಲಕ್ಕೆ ಒಂದು ಮಾದರಿ ಶೂ ಕೈಗೆ ಬಂತು. ಕಾಗದದ ಮೇಲೆ ಬರೆದ ಚಿತ್ರದಲ್ಲಿದ್ದ ಕಳೆ ಅದರಲ್ಲಿರಲಿಲ್ಲ. ಪಕ್ಕದಲ್ಲಿ ಸಹಾಯಕಿ ಉಗುರಿಗೆ ಕೆಂಪು ಹಚ್ಚಿಕೊಳ್ಳುತ್ತಿದ್ದಳು. ಆ ಸೀಸೆಯನ್ನೇ ತೆಗೆದುಕೊಂಡು ಅಟ್ಟೆಗೆ ಬಳಿದರಂತೆ. ಆಮೇಲೆ ಈ ಬಣ್ಣ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 2012ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಶೂವಿನ ಮೇಲ್ಭಾಗ ಬೇರೆ ಬಣ್ಣದ್ದಾಗಿದ್ದರೆ ಮಾತ್ರ ಕೆಂಪು ಅಟ್ಟೆಯ ಹಕ್ಕು ಲೂಬುಟಾನ್‌ಗೆ ಸೇರುತ್ತದೆ ಎಂದಿತು. ಎದುರಾಳಿ ಫ್ಯಾಷನ್ ಕಂಪನಿ ಈವ್ ಸಾಂ ಲೊರಾನ್ ತಯಾರಿಸಿದ್ದು ಅಡಿಯಿಂದ ಮುಡಿಯವರೆಗೆ ಕೆಂಪು ಶೂ, ಅದು ಪಾರಾಯಿತು. ನಮ್ಮ ದೆಹಲಿ ಹೈಕೋರ್ಟ್ 2017ರಲ್ಲಿ ಕೆಂಪು ಅಟ್ಟೆಯನ್ನು ಸುಪ್ರಸಿದ್ಧ ಟ್ರೇಡ್‌ಮಾರ್ಕ್ ಎಂದು ಮನ್ನಿಸಿತು. (ಮಳೆಗಾಲದಲ್ಲಿ ರಸ್ತೆ ಅಗೆದ ಕಡೆ ನಡೆದರೆ ಬೆಂಗಳೂರಿನಲ್ಲಿ ಎಲ್ಲರದೂ ಕೆಂಪು ಅಟ್ಟೆಯೇ.)

[ದೃಶ್ಯ: ಅಟ್ಟೆಯ ಮುಂಭಾಗ, ತೀರಾ ಹತ್ತಿರದಿಂದ.]

ಈಗ ಇಲ್ಲಿ ನೋಡಿ. ಹೆಬ್ಬೆರಳಿನ ಬುಡ ಊರುವ ಜಾಗದಲ್ಲಿ ಕೆಂಪು ಹೋಗಿದೆ, ಕೆಳಗಿನ ಕಂದು ಚರ್ಮದ ನಾರು ಕಾಣುತ್ತಿದೆ. ಕೆಂಪು ಬರಿಯ ಮೇಲ್ಪದರ. ನಾಲ್ಕು ಹೆಜ್ಜೆ ಡಾಂಬರಿನ ಮೇಲಿಟ್ಟರೆ ಏಳಲು ಶುರು. ಬೆಲೆ ಇಳಿದದ್ದು ಈ ಸವೆತದಿಂದ. ಆದರೆ ನನ್ನನ್ನು ನಂಬಿಸಿದ್ದೂ ಇದೇ. ಹೊಳೆಯುವ ಹೊಸ ನಕಲಿಯನ್ನು ಗುರುತಿಸುವುದು ಕಷ್ಟ, ಸವೆದದ್ದು ಮಾತ್ರ ಒಳಗಿನ ಗುಟ್ಟು ಬಿಟ್ಟುಕೊಡುತ್ತದೆ. ಪ್ಲಾಸ್ಟಿಕ್ ಅಟ್ಟೆ ಸವೆದರೆ ಪ್ಲಾಸ್ಟಿಕ್ಕೇ ಕಾಣುತ್ತದೆ, ನಾರು ಎಲ್ಲಿಂದ ಬರಬೇಕು? ಹಾಗೆಂದು ಇದೊಂದನ್ನೇ ನೆಚ್ಚಬೇಡಿ, ಚರ್ಮದ ಅಟ್ಟೆಯ ನಕಲಿಯೂ ಇದೆ. ನಾನು ಹಳೆಯ ಬಿಲ್ಲು ಕೇಳಿದೆ, ಎರಡೂ ಶೂಗಳ ಅಚ್ಚೊತ್ತಿದ ಅಕ್ಷರಗಳನ್ನು ಜೋಡಿಸಿ ನೋಡಿದೆ. ಬಿಲ್ಲಿಲ್ಲ ಎಂದವರ ಮನೆಯಿಂದ ಹಿಂದೆ ಎರಡು ಬಾರಿ ಬರಿಗೈಯಲ್ಲಿ ಬಂದಿದ್ದೇನೆ.

ಎಡಗಾಲಿನದು ಹೊರ ಅಂಚಿನಲ್ಲಿ ಹೆಚ್ಚು ಸವೆದಿದೆ. ಮೊದಲ ಒಡತಿ ಎಡಗಾಲನ್ನು ತುಸು ವಾಲಿಸಿ ಇಡುತ್ತಿದ್ದರೇನೋ. ಒಳಗೆ ಅವರ ಬೆರಳುಗಳ ಐದು ಮಸುಕು ಗುಳಿಗಳಿವೆ, ನನ್ನ ಕಿರುಬೆರಳಿಗೆ ಅವರ ಗುಳಿ ಹೊಂದುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ದಿನ ನೆರಳಿನಲ್ಲಿ ಗಾಳಿಗಿಟ್ಟೆ. ಅಳತೆಯ ವಿಚಾರ ಬೇಗ ಹೇಳಿಬಿಡುತ್ತೇನೆ: ಯುರೋಪಿನ ಅಳತೆಯಲ್ಲಿ ಒಂದೊಂದು ನಂಬರಿಗೆ ಸೆಂಟಿಮೀಟರಿನ ಮೂರನೇ ಎರಡು ಭಾಗದ ವ್ಯತ್ಯಾಸ. ಪಾದವನ್ನು ಸಂಜೆ ಅಳೆಯಿರಿ, ಆ ಹೊತ್ತಿಗೆ ಅದು ಸ್ವಲ್ಪ ಊದಿರುತ್ತದೆ.

[ದೃಶ್ಯ: ಮಲ್ಲೇಶ್ವರದ ಫುಟ್‌ಪಾತ್. ತಗಡಿನ ಪೆಟ್ಟಿಗೆ ಅಂಗಡಿ.]

ಚರ್ಮದ ಅಟ್ಟೆ ನಮ್ಮ ನುಣ್ಣನೆಯ ಟೈಲ್ಸ್ ಮೇಲೆ ಜಾರುತ್ತದೆ, ಮಳೆನೀರು ಕುಡಿಯುತ್ತದೆ. ಹಾಗಾಗಿ ತೆಳ್ಳನೆಯ ರಬ್ಬರಿನ ಅರ್ಧ ಸೋಲ್ ಹಾಕಿಸುವುದು ರೂಢಿ. ಪೆಟ್ಟಿಗೆ ಅಂಗಡಿಯ ಹಿರಿಯರು ಶೂವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟು ಚೆಂದದ ಬಣ್ಣ ಮುಚ್ಚಿಹೋಗುತ್ತದಲ್ಲಮ್ಮ?"

ಹೈಕೋರ್ಟ್ ಕಾಪಾಡಿದ ಬಣ್ಣವನ್ನು ರಬ್ಬರಿನಡಿ ಹೂಳುವುದು ನನಗೂ ಸಂಕಟವೇ. ಆದರೆ ನಡೆಯುವಾಗ ಹಿಂದಿನವರಿಗೆ ಕಾಣುವುದು ಪಾದದ ನಡುವಿನ ಕಮಾನು; ಅಲ್ಲಿ ನೆಲ ತಾಗುವುದಿಲ್ಲ, ಕೆಂಪು ಹಾಗೇ ಉಳಿಯುತ್ತದೆ. "ಮುಂದೆ ಮಾತ್ರ ಹಾಕಿ, ಅಣ್ಣ" ಎಂದೆ. ಅವರು ಸವೆದ ಜಾಗವನ್ನು ಉಜ್ಜಿ ಒರಟು ಮಾಡಿದರು, ಅಂಟು ಬಳಿದು ಒಣಗಲು ಬಿಟ್ಟರು, ಒತ್ತಿದರು. ಚರ್ಮ ಕೊಯ್ಯುವ ರಂಪಿಗೆಯಿಂದ ಅಂಚು ಸವರುವಾಗ ಮಾತ್ರ ನಾನು ಉಸಿರು ಬಿಗಿಹಿಡಿದೆ. ಕೂದಲೆಳೆಯಷ್ಟೂ ಚರ್ಮಕ್ಕೆ ತಾಗಲಿಲ್ಲ. ಕೂಲಿ 350 ರೂಪಾಯಿ.

[ದೃಶ್ಯ: ಕಲ್ಯಾಣ ಮಂಟಪದ ಬಾಗಿಲು, ಚಪ್ಪಲಿಗಳ ರಾಶಿ.]

ಮೊದಲು ಹಾಕಿಕೊಂಡು ಹೋದದ್ದು ಚಿಕ್ಕಪ್ಪನ ಮಗಳ ಮದುವೆಗೆ. ಹನ್ನೊಂದು ವರ್ಷ ಕಾದ ನನಗೆ ಬಾಗಿಲವರೆಗೂ ಹೊಳೆಯಲೇ ಇಲ್ಲ: ಮಂಟಪದೊಳಗೆ ಹೋಗಬೇಕಾದರೆ ಕಳಚಬೇಕು. ನಾನು ಅಲ್ಲೇ ನಿಂತೆ. ಅಮ್ಮನೇ ಬಗ್ಗಿ ಎರಡನ್ನೂ ಎತ್ತಿಕೊಂಡರು. ಬಲಗಾಲಿನದನ್ನು ಬಾಳೆಕಂಬದ ಹಿಂದೆ, ಎಡಗಾಲಿನದನ್ನು ಜನರೇಟರಿನ ಮರೆಯಲ್ಲಿ ಇಟ್ಟು ಬಂದು, ಸೆರಗಿಗೆ ಕೈ ಒರೆಸಿಕೊಂಡರು.

"ಒಂಟಿ ಶನಿಯನ್ನು ಯಾರೂ ಒಯ್ಯುವುದಿಲ್ಲ. ಬಾ, ಧಾರೆಗೆ ಹೊತ್ತಾಯಿತು."