ಕನ್ನಡಿ ತಿರುಗಿಸುವುದು ಎಡಬಲವನ್ನಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕನ್ನಡಿ ಎಡವನ್ನು ಬಲ ಮಾಡುತ್ತದೆ, ಬಲವನ್ನು ಎಡ ಮಾಡುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ತಲೆಯನ್ನು ಕೆಳಕ್ಕೆ, ಕಾಲನ್ನು ಮೇಲಕ್ಕೆ ಯಾಕೆ ಮಾಡುವುದಿಲ್ಲ? ಯಾವುದು ಅಡ್ಡ, ಯಾವುದು ಉದ್ದ ಅಂತ ಆ ಗಾಜಿಗೇನು ಗೊತ್ತು?

ಕನ್ನಡಿಯ ಮುಂದೆ ನಿಂತು ಪಕ್ಕದ ಗೋಡೆಯತ್ತ ಬೆರಳು ತೋರಿಸಿ. ಒಳಗಿರುವ ನೀವೂ ಅದೇ ಕಡೆಗೆ ತೋರಿಸುತ್ತೀರಿ. ಮೇಲಕ್ಕೆ ತೋರಿಸಿದರೆ ಮೇಲಕ್ಕೇ. ಈಗ ನೇರ ಕನ್ನಡಿಯತ್ತಲೇ ತೋರಿಸಿ. ಆ ಬೆರಳು ನಿಮ್ಮ ಕಡೆಗೇ ತಿರುಗಿದೆ! ಅದಲುಬದಲಾದದ್ದು ಇದೊಂದೇ, ಹಿಂದುಮುಂದು. ಎಡಬಲವನ್ನು ಕನ್ನಡಿ ಮುಟ್ಟುವುದೇ ಇಲ್ಲ. ಎದುರಿಗೆ ಕಾಣುವವರು ನಮ್ಮ ಕಡೆ ತಿರುಗಿ ನಿಂತ ಇನ್ನೊಬ್ಬ ಮನುಷ್ಯ ಅಂತ ನಾವು ಎಣಿಸುತ್ತೇವಲ್ಲ, ಗೊಂದಲ ಹುಟ್ಟುವುದು ಅಲ್ಲೇ.

ಮತ್ತೆ ಅಕ್ಷರಗಳು ಯಾಕೆ ಉಲ್ಟಾ ಕಾಣುತ್ತವೆ? ಪುಟವನ್ನು ಕನ್ನಡಿಗೆ ತೋರಿಸಲು ನೀವೇ ತಿರುಗಿಸಿದಿರಿ, ಅದಕ್ಕೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಹೆಸರು ಬರೆದು, ತಿರುಗಿಸದೆ ಹಾಗೇ ಹಿಡಿಯಿರಿ. ಕನ್ನಡಿಯಲ್ಲೂ ಸಲೀಸಾಗಿ ಓದಬಹುದು.

ಸರಿ, ಬೇರೆಯವರಿಗೆ ಕಾಣುವ ಹಾಗೆ ನಮ್ಮ ಮುಖವನ್ನು ನಾವು ನೋಡುವುದು ಹೇಗೆ? ನನಗೆ ತುಂಬ ಇಷ್ಟವಾದ ದಾರಿ ಎರಡು ಕನ್ನಡಿಗಳದ್ದು. ಒಂದೇ ಅಳತೆಯ ಎರಡು ಚಿಕ್ಕ ಕನ್ನಡಿ ತೆಗೆದುಕೊಳ್ಳಿ. ಅಂಚಿಗೆ ಅಂಚು ತಾಗುವಂತೆ ನೆಟ್ಟಗೆ ನಿಲ್ಲಿಸಿ. ನಡುವಿನ ಕೋನ 90 ಡಿಗ್ರಿ ಇರಲಿ, ಗಟ್ಟಿ ರಟ್ಟಿನ ಪುಸ್ತಕದ ಮೂಲೆ ಇಟ್ಟು ನೋಡಿದರೆ ಸಾಕು. ಸಂದಿನ ಗೆರೆ ಮೂಗಿನ ನೇರಕ್ಕೆ ಬರುವಂತೆ ಕುಳಿತುಕೊಳ್ಳಿ. ಕೋನ ಸ್ವಲ್ಪ ತಪ್ಪಿದರೂ ಮುಖದ ನಡುಭಾಗ ಮಾಯವಾಗುತ್ತದೆ, ಇಲ್ಲವೇ ಮೂಗು ಎರಡಾಗುತ್ತದೆ. ಮುಖ ಒಂದಾಗಿ ಕೂಡಿಕೊಳ್ಳುವ ತನಕ ಹೊಂದಿಸುತ್ತಾ ಹೋಗಿ.

ಈಗ ಬಲಗಣ್ಣು ಮಿಟುಕಿಸಿ. ಎದುರಿಗೆ ಎಡಪಕ್ಕದ ಕಣ್ಣು ಮಿಟುಕುತ್ತದೆ. ನಿಮ್ಮ ಬಲಗೆನ್ನೆಯ ಬೆಳಕು ಮೊದಲು ಬಲಗಡೆಯ ಕನ್ನಡಿಗೆ ಬಡಿದು, ಅಲ್ಲಿಂದ ಎಡಗಡೆಯ ಕನ್ನಡಿಗೆ ಹೋಗಿ, ಆಮೇಲೆ ಕಣ್ಣಿಗೆ ಬರುತ್ತದೆ. ಎರಡು ಸಲ ಪ್ರತಿಫಲನ. ಅದೇ ಜೋಡಿಯನ್ನು ಸಂದಿನ ಗೆರೆ ಅಡ್ಡವಾಗುವ ಹಾಗೆ ಮಲಗಿಸಿದರೆ ನೀವು ಪೂರ್ತಿ ತಲೆಕೆಳಗು! ಮಕ್ಕಳಿಗೆ ತೋರಿಸಿ, ಬಿಟ್ಟು ಏಳುವುದಿಲ್ಲ. ಆದರೆ ಅದರ ಮುಂದೆ ತಲೆ ಬಾಚಲು ಮಾತ್ರ ಹೋಗಬೇಡಿ. ಬಾಚಣಿಗೆ ಒಂದು ಕಡೆ, ಬೈತಲೆ ಇನ್ನೊಂದು ಕಡೆ ಆಗುತ್ತದೆ.

ಅಲ್ಲಿ ಕಂಡ ಮುಖ ನಿಮಗೆ ಅಷ್ಟಾಗಿ ಹಿಡಿಸದೇ ಇರಬಹುದು. ಯಾರ ಮುಖವೂ ಎರಡೂ ಪಕ್ಕ ಒಂದೇ ಸಮ ಇರುವುದಿಲ್ಲ. ದಿನಾ ನೋಡುವ ಕನ್ನಡಿಯಲ್ಲಿ ಮೂಗು ಕೂದಲೆಳೆಯಷ್ಟು ಬಲಕ್ಕೆ ವಾಲಿರುತ್ತದೆ ಅನ್ನಿ. ಅದು ನಿಮಗೆ ರೂಢಿ, ಕಣ್ಣಿಗೆ ಬೀಳುವುದೇ ಇಲ್ಲ. ಈಗ ಅಷ್ಟೇ ಎಡಕ್ಕೆ ವಾಲಿದೆ. ವ್ಯತ್ಯಾಸ ಎರಡರಷ್ಟಾಯಿತು. 1977ರಲ್ಲಿ ಅಮೆರಿಕದ ಮೀಟಾ, ಡರ್ಮರ್ ಮತ್ತು ನೈಟ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಒಂದೇ ಫೋಟೊವನ್ನು ನೇರವಾಗಿಯೂ ಕನ್ನಡಿಯಲ್ಲಿ ಕಾಣುವಂತೆಯೂ ಮುದ್ರಿಸಿ ತೋರಿಸಿದರು. ಫೋಟೊದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ಪ್ರತಿಯನ್ನೇ ಮೆಚ್ಚಿದರು. ಅವರ ಗೆಳೆಯರು ಮೆಚ್ಚಿದ್ದು ನೇರವಾದದ್ದನ್ನು. ಅವರವರು ದಿನಾ ನೋಡುವ ಮುಖ ಅವರವರಿಗೆ ಚೆಂದ.

ಫೋಟೊ ಅಂದರೆ ಯಾವಾಗಲೂ ನೇರವೇ ಅನ್ನುವಂತಿಲ್ಲ. ಹಿಂದೆ ತಗಡಿನ ಮೇಲೆ ತೆಗೆಯುತ್ತಿದ್ದ ಚಿತ್ರಗಳು ಕನ್ನಡಿಯ ಬಿಂಬದ ಹಾಗೆಯೇ ಬರುತ್ತಿದ್ದವು. ಅಮೆರಿಕದ ಬಂದೂಕುಗಾರ ಬಿಲ್ಲಿ ದ ಕಿಡ್ ಎಂಬಾತನ ಪ್ರಸಿದ್ಧ ಚಿತ್ರ ಅಂಥದ್ದೇ. ಪಿಸ್ತೂಲು ಎಡಸೊಂಟದಲ್ಲಿ ಕಂಡದ್ದೇ ತಡ, ಅವನನ್ನು ಎಡಚ ಅಂತ ನಂಬಿದರು. 1958ರ ಒಂದು ಹಾಲಿವುಡ್ ಸಿನಿಮಾ ಕೂಡ ಹಾಗೇ ತೋರಿಸಿತು. ಗುಟ್ಟು ಬಿಟ್ಟುಕೊಟ್ಟದ್ದು ಅವನ ಕೈಯಲ್ಲಿದ್ದ ವಿಂಚೆಸ್ಟರ್ ರೈಫಲ್. ಅದರಲ್ಲಿ ಗುಂಡು ತುಂಬುವ ಕಿಂಡಿ ಇರುವುದು ಬಲಬದಿಗೆ. ಚಿತ್ರದಲ್ಲಿ ಎಡಬದಿಗಿದೆ!

ಇವತ್ತಿನ ಫೋನುಗಳೂ ಹೀಗೇ ಆಟವಾಡಿಸುತ್ತವೆ. ಸೆಲ್ಫಿ ತೆಗೆಯುವಾಗ ಪರದೆಯ ಮೇಲೆ ಕಾಣುವುದು ಕನ್ನಡಿಯ ಮುಖ, ಯಾಕೆಂದರೆ ಅದಕ್ಕೇ ನಾವು ಒಗ್ಗಿದ್ದೇವೆ. ಕೆಲವು ಫೋನುಗಳು ಅದನ್ನು ನೇರ ಮಾಡಿ ಉಳಿಸುತ್ತವೆ, ಕೆಲವು ಹಾಗೇ ಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಮಿರರ್ ಎಂಬ ಆಯ್ಕೆ ಇದ್ದರೆ ಆಫ್ ಮಾಡಿ. ವೀಡಿಯೊ ಕರೆಗಳಲ್ಲೂ ಸಾಮಾನ್ಯವಾಗಿ ನಿಮಗೆ ಕಾಣುವುದು ತಿರುಗಿದ ನೀವು, ಆಚೆ ಕಡೆಯವರಿಗೆ ನೇರವಾದ ನೀವು. ಅಂಗಿಯ ಮೇಲೆ ಅಕ್ಷರವಿದ್ದರೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಮಾತು. ಸೆಲ್ಫಿಯಲ್ಲಿ ಮೂಗು ದಪ್ಪ ಕಂಡರೆ ಎಡಬಲವನ್ನು ಸುಮ್ನೆ ದೂರಬೇಡಿ. ಫೋನ್ ಮುಖಕ್ಕೆ ತೀರಾ ಹತ್ತಿರ ಇದ್ದಾಗ ಮೂಗು ಕಿವಿಗಿಂತ ಜಾಸ್ತಿ ದೊಡ್ಡದಾಗಿ ಬೀಳುತ್ತದೆ. ಯಾರ ಕೈಗಾದರೂ ಫೋನ್ ಕೊಟ್ಟು, ಹಿಂದಿನ ಕ್ಯಾಮೆರಾದಿಂದ, ಒಂದೆರಡು ಮೀಟರ್ ದೂರ ನಿಂತು ತೆಗೆಯಲು ಹೇಳಿ.

ನಮಸ್ಕಾರ.